ಬಕೆಟ್ಟಿನಲ್ಲಿ ಬಂದ ಚಪ್ಪಲಿ

"ಟೀಚರ್, ಟೀಚರ್! ಇವಳು ಹಳೇ ಚಪ್ಪಲಿ ತಂದಿದ್ದಾಳೆ!"

ಇಡೀ ಕ್ಲಾಸು ಬೆಂಚು ಬಿಟ್ಟೆದ್ದು ಓಡಿಬಂತು. ಮೇಜಿನ ಮೇಲೆ ನೀಲಿ ಬಕೆಟ್. ಬಕೆಟ್ ನೀರಿನಲ್ಲಿ ಒಂಟಿ ರಬ್ಬರ್ ಚಪ್ಪಲಿ, ಎಡಗಾಲಿನದು. ತೇಲದಿರಲಿ ಎಂದು ಅದರ ಪಟ್ಟಿಗೆ ದಪ್ಪ ಬೋಲ್ಟು ಕಟ್ಟಿತ್ತು. ಮೇಲ್ಮುಖವಾಗಿದ್ದ ಅಡಿಯ ತುಂಬ ಶರ್ಟಿನ ಗುಂಡಿಯಷ್ಟಷ್ಟೇ ದೊಡ್ಡ, ಬೂದು ಬಣ್ಣದ ಗಂಟುಗಳು.

"ಇದು ಚಪ್ಪಲಿ ಅಲ್ಲ," ಎಂದಳು ಪಟಾಕಿ. ಆಮೇಲೆ ಸ್ವಲ್ಪ ಯೋಚಿಸಿ, "ಸರಿ, ಚಪ್ಪಲಿನೇ. ಆದ್ರೆ ನೋಡಬೇಕಾಗಿರೋದು ಅದರ ಮೇಲಿರೋರನ್ನ. ಇವು ಪ್ರಾಣಿಗಳು. ಕಾಲಿನಿಂದ ಊಟ ಮಾಡ್ತವೆ!" ಎಂದಳು.

ಎಲ್ಲರೂ ಬಿದ್ದುಬಿದ್ದು ನಕ್ಕರು.

ನಗದೆ ಏನು ಮಾಡಿಯಾರು? ಪಟಾಕಿ ಬುರುಡೆ ಬಿಡುವುದರಲ್ಲಿ ಎತ್ತಿದ ಕೈ. ತಿಮಿಂಗಿಲ ತನಗೆ ಕಣ್ಣು ಹೊಡೆಯಿತು ಎಂದವಳು ಅವಳೇ. ಅಪ್ಪ ಒಂದೇ ಕೈಯಲ್ಲಿ ದೋಣಿ ಎತ್ತುತ್ತಾರೆ ಎಂದವಳೂ ಅವಳೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಚಟಪಟ ಮಾತು. ಆ ಹೆಸರು ಬಂದದ್ದೇ ಅದರಿಂದ. ಪಾಪ, ಈ ಸಲ ಮಾತ್ರ ಅವಳು ನಿಜ ಹೇಳುತ್ತಿದ್ದಳು.

"ಯಾರೂ ನೋಡಿರದ ಒಂದು ಜೀವಿಯನ್ನ ತನ್ನಿ" ಎಂದಿದ್ದರು ಸೈನ್ಸ್ ಟೀಚರ್. ಕಂಬಳಿಹುಳು ಬಂದಿತ್ತು, ಬಸವನಹುಳು ಬಂದಿತ್ತು, ಒಬ್ಬ ತನ್ನ ತಮ್ಮನನ್ನೇ ಕರೆತಂದಿದ್ದ.

"ಇವು ಬಾರ್ನಕಲ್‌ಗಳು," ಎಂದರು ಟೀಚರ್ ಬಗ್ಗಿ ನೋಡಿ. "ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ. ಬದುಕಿವೆಯಾ?"

"ಬದುಕಿವೆ ಟೀಚರ್! ಈಗ ನೋಡಿ!" ಪಟಾಕಿ ಬಕೆಟ್ಟನ್ನು ಅಲ್ಲಾಡಿಸಿದಳು. ಪೆನ್ಸಿಲಿನಿಂದ ತಟ್ಟಿದಳು. "ಏಯ್, ಬಾಗಿಲು ತೆಗೀರಿ!" ಎಂದು ಕೂಗಿದಳು.

ಏನೂ ಆಗಲಿಲ್ಲ. ಕಲ್ಲೆಂದರೆ ಕಲ್ಲು.

"ಠುಸ್!" ಎಂದ ಹಿಂದಿನ ಬೆಂಚಿನ ರೇಡಿಯೋ. ದಿನವಿಡೀ ಕ್ರಿಕೆಟ್ ಕಾಮೆಂಟರಿ ಒದರುವ ಹುಡುಗನಿಗೆ ಬೇರೆ ಯಾವ ಹೆಸರು ಹೊಂದೀತು? "ಠುಸ್ ಪಟಾಕಿ! ಠುಸ್ ಪಟಾಕಿ!"

ಎಲ್ಲರೂ ರಾಗ ಎಳೆದರು. ಪಟಾಕಿಗೆ ಕಿವಿಯೆಲ್ಲ ಬಿಸಿಯಾಯಿತು. ಈ ಹೆಸರು ಇವತ್ತು ಅಂಟಿಕೊಂಡರೆ ಹೈಸ್ಕೂಲ್ ಮುಗಿಯುವವರೆಗೂ ಬಿಡುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಸಾಕು," ಎಂದರು ಟೀಚರ್. "ಕೊನೇ ಪೀರಿಯಡ್‌ನಲ್ಲಿ ಇನ್ನೊಂದ್ಸಲ ನೋಡೋಣ."

ನಿನ್ನೆ ಭಾನುವಾರ ಅವು ಚೆನ್ನಾಗಿಯೇ ಇದ್ದವು. ಅಪ್ಪನದು ದೋಣಿ ರಿಪೇರಿ ಕೆಲಸ. ದಡಕ್ಕೆಳೆದ ದೋಣಿಗಳ ಹೊಟ್ಟೆಗೆ ಅಂಟಿದ ಈ ಗಂಟುಗಳನ್ನು ಕಬ್ಬಿಣದ ಉಜ್ಜುಗೋಲಿನಿಂದ ಕೆರೆದು ಕೆರೆದು ಅವರ ಭುಜ ನೋಯುತ್ತದೆ. ಅವುಗಳಿಗೆ ಅವರು ಇಟ್ಟ ಹೆಸರು ದೋಣಿಕಜ್ಜಿ. ಅಲ್ಲಿಯೇ ತೇಲಿಬಂದ ಚಪ್ಪಲಿ ಪಟಾಕಿಗೆ ಸಿಕ್ಕಿತ್ತು. ಸಮುದ್ರದ ನೀರಿನಲ್ಲಿಟ್ಟು ಅವಳು ಅದರ ಮುಂದೆ ಗಂಟೆಗಟ್ಟಲೆ ಕೂತಿದ್ದಳು. ಮನೆಗೆ ತಂದಿದ್ದು ನಿನ್ನೆ ಸಂಜೆ.

ಊಟದ ಬೆಲ್ ಹೊಡೆದದ್ದೇ ತಡ, ಬಕೆಟ್ ಹಿಡಿದು ಎರಡು ಬೀದಿ ಆಚೆಯ ಮನೆಗೆ ಓಡಿದಳು.

"ಅಜ್ಜೀ! ನನ್ನ ಬಕೆಟ್ ಯಾರಾದ್ರೂ ಮುಟ್ಟಿದ್ರಾ?"

"ನಾನೇ ಮುಟ್ಟಿದೆ," ಎಂದರು ಅಜ್ಜಿ ಹೆಮ್ಮೆಯಿಂದ. "ನೀನು ಮಲಗಿದ ಮೇಲೆ ಆ ಕೊಳಕು ನೀರೆಲ್ಲ ಚೆಲ್ಲಿ, ಚಪ್ಪಲಿ ತೊಳೆದು, ಒಳ್ಳೇ ನಲ್ಲಿ ನೀರು ಹಾಕಿಟ್ಟೆ. ಉಪ್ಪು ಕಬ್ಬಿಣಾನೇ ತಿನ್ನುತ್ತೆ ಕಣೇ, ಚಪ್ಪಲಿ ಬಿಡುತ್ತಾ?"

ಅದು ಆ ಮನೆಯ ಕಾನೂನು. ಸಮುದ್ರದಿಂದ ಬಂದದ್ದು ಏನೇ ಇರಲಿ, ಹಗ್ಗ, ಸುತ್ತಿಗೆ, ಅಪ್ಪನ ಕಾಲು, ನಲ್ಲಿ ನೀರಿನಲ್ಲಿ ತೊಳೆಯದೆ ಹೊಸ್ತಿಲು ದಾಟುವಂತಿಲ್ಲ. ಅಜ್ಜಿ ಐವತ್ತು ವರ್ಷದಿಂದ ಆ ಕಾನೂನಿನ ಪೊಲೀಸ್.

"ಅಯ್ಯೋ ಅಜ್ಜಿ! ಅವು ಉಪ್ಪುನೀರಲ್ಲಿ ಬದುಕೋವು! ನೀನು ಎಲ್ಲಾನೂ ಕೊಂದುಬಿಟ್ಟೆ! ಯಾವಾಗ್ಲೂ ನೀನು ಹೀಗೇ!"

ಅಜ್ಜಿಯ ಮುಖ ಸಪ್ಪಗಾಯಿತು. ಪಟಾಕಿ ಅದನ್ನು ನೋಡಿದಳು, ಆದರೆ ನಿಲ್ಲಲಿಲ್ಲ. ಕಾಲಿಗೆ ಬುದ್ಧಿ ಹೇಳಿ ಅಪ್ಪನ ಕೆಲಸದ ಜಾಗಕ್ಕೆ ಬಂದಳು.

ಅಪ್ಪ ಒಂದು ದೋಣಿಯ ಕೆಳಗೆ ಅಂಗಾತ ಮಲಗಿ ಕೆರೆಯುತ್ತಿದ್ದರು. ಕಥೆಯೆಲ್ಲ ಕೇಳಿ ಎದ್ದು ಕೂತು, ಗಡ್ಡದಿಂದ ಪುಡಿ ಝಾಡಿಸಿಕೊಂಡು ಜೋರಾಗಿ ನಕ್ಕರು.

"ಸಾಯೋದಾ? ಇಪ್ಪತ್ತು ವರ್ಷದಿಂದ ನಾನು ಇವುಗಳ ವಂಶ ನಾಶ ಮಾಡೋಕೆ ನೋಡ್ತಿದೀನಿ! ಒಂದು ರಾತ್ರಿ ನಲ್ಲಿ ನೀರಿಗೆ ಹೋಗಿಬಿಡೋ ಜಾತಿ ಅಲ್ಲ ಇವು. ನೀರು ಸರಿ ಇಲ್ಲ ಅಂದ್ರೆ ಒಳಗೊಂದು ಗುಟುಕು ಸಮುದ್ರ ಇಟ್ಟುಕೊಂಡು ಬಾಗಿಲು ಹಾಕ್ಕೊಂಡುಬಿಡ್ತವೆ."

"ಹಾಗಾದ್ರೆ ಬದುಕಿವೆಯಾ?"

"ಇರಬಹುದು. ನೋಡೋಣ." ಅಪ್ಪ ಬಕೆಟ್ ಖಾಲಿ ಮಾಡಿ, ಸಮುದ್ರಕ್ಕೆ ಮೊಣಕಾಲುದ್ದ ಇಳಿದು ಹೊಸ ನೀರು ತುಂಬಿಕೊಟ್ಟರು. "ನನ್ನ ಶತ್ರುಗಳಿಗೆ ನನ್ನ ಕೈಯಿಂದಲೇ ಉಪಚಾರ ಮಾಡಿಸ್ತಿದ್ದೀಯಲ್ಲ! ಒಂದು ಮಾತು ಕೇಳು. ಅಲ್ಲಾಡಿಸಬೇಡ, ತಟ್ಟಬೇಡ. ನೆರಳು ಬಿದ್ರೂ ಅವು ಮುಚ್ಕೊಳ್ತವೆ. ಸುಮ್ನೆ ಕೂರಬೇಕು."

"ಎಷ್ಟು ಹೊತ್ತು?"

"ಅದು ಅವುಗಳ ಇಷ್ಟ. ನಿನಗೆ ಸ್ವಲ್ಪ ಕಷ್ಟಾನೇ."

ಕೊನೆಯ ಪೀರಿಯಡ್ ಬಂತು. ಮೂವತ್ತೆಂಟು ತಲೆಗಳು ಬಕೆಟ್ ಮೇಲೆ ಬಾಗಿದವು.

"ಠುಸ್?" ಎಂದ ರೇಡಿಯೋ.

ಪಟಾಕಿಯ ನಾಲಿಗೆಯ ತುದಿಗೆ ಹತ್ತು ಉತ್ತರ ಬಂದಿದ್ದವು. ಹತ್ತನ್ನೂ ನುಂಗಿದಳು. ಬಕೆಟ್ಟನ್ನು ಕಿಟಕಿಯ ಬೆಳಕಿಗೆ ಸರಿಸಿ, ಎಲ್ಲರೂ ಹಿಂದೆ ಹೋಗಿ ಎಂದು ಕೈ ತೋರಿಸಿದಳು. ತುಟಿಯ ಮೇಲೆ ಬೆರಳಿಟ್ಟು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

ಪಟಾಕಿ ಮಾತಾಡುತ್ತಿಲ್ಲ! ಅದೇ ಎಲ್ಲರಿಗೂ ದೊಡ್ಡ ಆಶ್ಚರ್ಯವಾಗಿ, ಒಬ್ಬೊಬ್ಬರೇ ಕೂತರು. ಒಂದು ನಿಮಿಷ ಹೋಯಿತು. ಎರಡಾಯಿತು. ಅವಳ ಮೂಗು ತುರಿಸುತ್ತಿತ್ತು, ಕೆರೆದುಕೊಳ್ಳಲಿಲ್ಲ. ಸತ್ತೇ ಹೋಗಿದ್ದರೆ? ಹೆಸರು ಹೋದರೆ ಹೋಗಲಿ, ಇವು ಬದುಕಿರಲಿ ಎಂದುಕೊಂಡಳು.

ಅಂಚಿನ ಒಂದು ಗಂಟಿನ ನೆತ್ತಿಯಲ್ಲಿ ಸಣ್ಣ ಗೆರೆ ಕಾಣಿಸಿತು. ಗೆರೆ ಬಿರುಕಾಯಿತು. ಜೋಡಿ ಬಾಗಿಲು ತೆರೆದು ಹೊರಗೆ ಬಂತು ಪುಕ್ಕದಂಥ ಪುಟ್ಟ ಬೀಸಣಿಗೆ. ನೀರನ್ನು ಬಾಚಿತು, ಒಳಗೆ ಹೋಯಿತು. ಮತ್ತೆ ಬಂತು. ಅದರ ಪಕ್ಕದ್ದೂ ತೆರೆಯಿತು. ಆಮೇಲೆ ಐದು, ಹತ್ತು. ಇಡೀ ಚಪ್ಪಲಿ ಬಾ ಬಾ ಎಂದು ಕರೆಯತೊಡಗಿತು.

"ಅಮ್ಮಾ..." ಎಂದು ರೇಡಿಯೋ ಮುಂದೆ ಬಾಗಿದ. ಅವನ ನೆರಳು ಬಿತ್ತು. ಪಟ್! ಎಲ್ಲ ಬಾಗಿಲೂ ಬಂದ್.

"ಏಯ್, ಕೂತ್ಕೊಳೋ!" ಎಂದು ಇಡೀ ಕ್ಲಾಸು ಪಿಸುಗುಟ್ಟಿತು.

ಮತ್ತೆ ಕಾದರು. ಮತ್ತೆ ತೆರೆದವು. ಟೀಚರ್ ಕೂಡ ಪಿಸುಮಾತಿನಲ್ಲೇ ಪಾಠ ಮಾಡಿದರು. "ಇವು ಏಡಿ, ಸಿಗಡಿಗಳ ಸಂಬಂಧಿಗಳು. ಮರಿಯಾಗಿದ್ದಾಗ ಈಜಾಡ್ತವೆ. ಆಮೇಲೆ ಒಂದು ಜಾಗ ಹಿಡಿದು, ತಲೆಯನ್ನ ಅಲ್ಲಿಗೆ ಅಂಟಿಸಿ, ಸುತ್ತ ಮನೆ ಕಟ್ಟಿಕೊಳ್ತವೆ. ತಲೆಕೆಳಗಾಗಿ ನಿಂತು, ಕಾಲಿನಿಂದ ಊಟ ಎಳ್ಕೊಳ್ತವೆ. ಅವಳು ಹೇಳಿದ್ದು ನೂರಕ್ಕೆ ನೂರು ನಿಜ."

"ಹಾಗಾದ್ರೆ ತಿಮಿಂಗಿಲ ಕಣ್ಣು ಹೊಡೆದಿದ್ದೂ ನಿಜಾನಾ?" ಎಂದು ಕೇಳಿದ ರೇಡಿಯೋ.

"ಅದು ಬುರುಡೆ," ಎಂದಳು ಪಟಾಕಿ.

ಕುಣಿಯುತ್ತ ಮನೆಗೆ ಬಂದವಳು ಬಾಗಿಲಲ್ಲಿ ನಿಂತಳು. ಅಜ್ಜಿ ಅಂಗಳದ ನಲ್ಲಿಯ ಪಕ್ಕ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ದಿನಾ ಕೇಳುವ "ಕಾಲು ತೊಳೆದ್ಯಾ?" ಕೂಡ ಕೇಳಲಿಲ್ಲ.

'ಅಜ್ಜೀ, ಬದುಕಿವೆ!' ಎಂದು ಕೂಗಲು ಬಾಯಿ ತೆರೆದಳು. ಅಜ್ಜಿಯ ಬೆನ್ನು ನೋಡಿ ಮುಚ್ಚಿದಳು. ಮಧ್ಯಾಹ್ನ ತಾನು ಕೂಗಿದ್ದೇ ಸಾಕಾಗಿತ್ತು. ನಲ್ಲಿಯಲ್ಲಿ ತಾನಾಗಿಯೇ ಕಾಲು ತೊಳೆದುಕೊಂಡು, ಬಕೆಟ್ಟನ್ನು ಅಜ್ಜಿಯ ಮುಂದೆ ಬಿಸಿಲು ಬೀಳುವ ಕಡೆ ಇಟ್ಟಳು. ನೆರಳು ಬೀಳದಂತೆ ಪಕ್ಕದಲ್ಲಿ ಕೂತಳು. "ತಪ್ಪಾಯ್ತು ಅಜ್ಜಿ," ಎಂದಳು ಮೆಲ್ಲಗೆ.

ಅಜ್ಜಿ ಗೋಡೆಯನ್ನೇ ನೋಡುತ್ತಿದ್ದರು. ಪಟಾಕಿ ಕಾದಳು. ಇಷ್ಟು ಹೊತ್ತಿಗೆ ಅವಳಿಗೆ ಕಾಯುವುದು ಸ್ವಲ್ಪ ರೂಢಿಯಾಗಿತ್ತು.

ಬಿಸಿಲು ಒಂದು ಗೇಣು ಸರಿಯಿತು. ಅಜ್ಜಿ ಓರೆಗಣ್ಣಿನಿಂದ ಬಕೆಟ್ಟಿನ ಕಡೆ ನೋಡಿದರು. ಆಮೇಲೆ ಕುತ್ತಿಗೆ ಚಾಚಿದರು. ಕನ್ನಡಕ ಮೇಲೇರಿಸಿದರು.

"ಏನೇ ಅದು? ಕೈ ಆಡಿಸ್ತಿದೆ?"

"ಕೈ ಅಲ್ಲ ಅಜ್ಜಿ," ಎಂದಳು ಪಟಾಕಿ ಪಿಸುಮಾತಿನಲ್ಲಿ. "ಕಾಲು."