ನಡುವಿನ ಐದು

"ಟೀಚರ್... ಆ ಸಂಖ್ಯೆ ಹನ್ನೊಂದರಿಂದ ಭಾಗ ಆಗ್ತದ್ರಿ!"

ಇಳಕಲ್ಲಿನ ಶಾಲೆಯಲ್ಲಿ ಅಂದು ಗಣಿತ ಪ್ರದರ್ಶನ. ಜನರ ನಡುವಿನಿಂದ ಬಂದ ಮಾತಿಗೆ ಅಮಿತಾ ತಿರುಗಿ ನೋಡಿದಳು. ಶಾಲೆಯ ಹಿಂಗೋಡೆಗೆ ಅಂಟಿಕೊಂಡ ಮನೆಯಲ್ಲಿ ಸೀರೆ ನೇಯುವ ನಾಗಲಿಂಗ! ದೂರದಿಂದ ಕಂಡಿದ್ದಳಷ್ಟೇ, ಮುಖಾಮುಖಿ ಎದುರಾದದ್ದು ಇದೇ ಮೊದಲು. ಎಂಥ ಶಾಂತ ಕಣ್ಣುಗಳು... ಆದರೆ ಪಕ್ಕದಲ್ಲೇ ಹೆಡ್‌ಮಾಸ್ತರರು ನಿಂತಿದ್ದರು.

ಬೋರ್ಡಿನ ಮೇಲೆ ಅವಳೇ ಬರೆದದ್ದು: 12344321. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ. ಕೆಳಗೆ, 'ಇದು ಅವಿಭಾಜ್ಯ ಸಂಖ್ಯೆ!' ಮೂರರಿಂದ, ಏಳರಿಂದ ಭಾಗಿಸಿ ನೋಡಿ ಅಷ್ಟಕ್ಕೇ ಬಿಟ್ಟಿದ್ದಳು.

"ಮಗ್ಗದ ಲೆಕ್ಕ ಮಗ್ಗದಾಗ ಇಟ್ಕೋರಿ. ಇದು ಸಾಲಿ!" ಹೆಡ್‌ಮಾಸ್ತರರ ಮುಂದೆ ಸೋಲಲಾರದೆ ಅಮಿತಾ ಗದರಿದಳು.

ಮಕ್ಕಳು ಗೊಳ್ಳೆಂದು ನಕ್ಕರು. ಅವನು ತಲೆ ತಗ್ಗಿಸಿ ಹೊರಟುಹೋದ.

ಎಲ್ಲರೂ ಹೋದ ಮೇಲೆ ಹನ್ನೊಂದರಿಂದ ಭಾಗಿಸಿದಳು. 1122211. ಶೇಷ ಸೊನ್ನೆ! ಅದೂ ಹಿಂದುಮುಂದು ಒಂದೇ, ಅವಳನ್ನು ಅಣಕಿಸಲೆಂದೇ ಬಂದಂತೆ.

'ಅಯ್ಯೋ, ನಾನೆಂಥ ಟೀಚರ್! ತಪ್ಪು ನನ್ನದು, ತಲೆ ತಗ್ಗಿಸಿದ್ದು ಅವನು...'

ಮರುದಿನ ಎರಡನೇ ಪಿರಿಯಡ್. ಎರಡು ವರ್ಷಗಳಿಂದ ಅವಳು ಪಾಠ ಶುರು ಮಾಡುತ್ತಿದ್ದಂತೆ ಗೋಡೆಯಾಚೆಯ ಮಗ್ಗ ನಿಲ್ಲುತ್ತಿತ್ತು. ಚಹಾ ಕುಡಿಯುವ ಹೊತ್ತೇನೋ ಅಂದುಕೊಂಡಿದ್ದಳು. ಇವತ್ತು ನಿಲ್ಲಲಿಲ್ಲ. ಮಗ್ಗದ ಒಂದೊಂದು ಸದ್ದಿಗೂ ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು.

ನಾಲ್ಕು ದಿನ ಹೀಗೇ. ಐದನೆಯ ದಿನ ಇಡೀ ತರಗತಿಯನ್ನು ಕರೆದುಕೊಂಡು ಅವನ ಬಾಗಿಲಿಗೇ ಹೋದಳು. ನಕ್ಕ ಮಕ್ಕಳ ಮುಂದೆಯೇ ಹೇಳಬೇಕಿತ್ತು.

"ಲೆಕ್ಕ ತಪ್ಪಿದ್ದು ನಂದರಿ. ಮಂದಿ ಮುಂದ ನಿಮ್ಮ ಮಾನ ಕಳದ್ನಿ. ಭಾಳ ನಾಚಿಕಿ ಆಗೇದ... ತಪ್ಪಾತ್ರಿ."

ನೆಲದ ಕುಣಿಯಲ್ಲಿ ಕಾಲಿಳಿಸಿ ನೇಯುತ್ತಿದ್ದ ನಾಗಲಿಂಗ ಮಗ್ಗದಿಂದ ಮೇಲೆದ್ದು ಬಂದ. "ಮಂದಿ ಮುಂದ ನಾನೂ ಹೇಳಬಾರದಿತ್ರಿ."

ಶಾಲೆಯ ಗಂಟೆ ಹೊಡೆಯಿತು. ಮಕ್ಕಳು ಓಡಿದರು. ಅವಳು ಮಾತ್ರ ಅಲ್ಲೇ ಉಳಿದಳು.

"ಹನ್ನೊಂದರ ಲೆಕ್ಕ ನಿಮಗ ಹೆಂಗ ಗೊತ್ತಾತು?"

"ಒಂದು ಬಿಟ್ಟು ಒಂದು ಅಂಕಿ ಕೂಡಿಸಿದ್ನಿ. ಎರಡೂ ಸಲ ಹತ್ತು ಬಂತು. ಎರಡೂ ಒಂದ ಬಂದ್ರ ಹನ್ನೊಂದರಿಂದ ಭಾಗ ಆಗ್ತದಲ್ರಿ. ನಮ್ಮ ಮಗ್ಗದಂಗನ... ಒಂದು ಎಳಿ ಮ್ಯಾಲ, ಒಂದು ಎಳಿ ಕೆಳಗ." ಗೋಡೆಯತ್ತ ಕೈ ತೋರಿಸಿ ಹೇಳಿದ, "ನೀವ ಕಲಿಸೀರಿ. ಗೋಡಿ ಈ ಕಡೆ ಕೇಳಾಕಂತ ಮಗ್ಗ ನಿಲ್ಲಸ್ತಿದ್ನಿ. ಮೊದಲ ಪಾಠಕ್ಕ... ಆಮ್ಯಾಲ ನಿಮ್ಮ ದನಿಗೆ."

ತಾನು ಕಲಿಸಿದ್ದನ್ನು ತಾನೇ ಮರೆತಿದ್ದಳು. ನೆನಪಿಟ್ಟವನನ್ನೇ ನಗೆಪಾಟಲು ಮಾಡಿದ್ದಳು! ಕಣ್ಣು ತುಂಬಿ ಬಂತು. ಕೈಯಲ್ಲಿದ್ದ ಸೀಮೆಸುಣ್ಣದಿಂದ ಬಾಗಿಲ ಮೇಲೆ ಬರೆದಳು: 123454321.

"ನಡುವ ಐದು ಇಟ್ಟೇನಿ. ಇನ್ನ ಹನ್ನೊಂದರಿಂದ ಭಾಗ ಆಗೂದಿಲ್ಲ. 11111ನ್ನ 11111ರಿಂದನ ಗುಣಿಸಿದ್ರ ಇದು ಬರ್ತದ. ಎರಡೂ ಸಮ... ಒಂದು ಮ್ಯಾಲಿಲ್ಲ, ಒಂದು ಕೆಳಗಿಲ್ಲ. ನಾವೂ ಹಂಗ ಇರೂಣೇನ್ರಿ?"

ಅವನು ಬಾಗಿಲನ್ನೇ ನೋಡಿದ. ತುಟಿಯಂಚಿನಲ್ಲಿ ನಗು. "ಇದನ್ನರ ಸರಿಯಾಗಿ ಲೆಕ್ಕ ಮಾಡೀರಿಲ್ಲೋ?"

"ಮೂರು ಸಲ ಮಾಡೇನಿ!" ಅಂದವಳು ಕೆನ್ನೆ ಕೆಂಪಾಗಿಸಿಕೊಂಡು ಕೇಳಿದಳು, "ನಾಳಿ ಮಗ್ಗ ನಿಲ್ಲಸ್ತೀರೇನು?"

"ನಿಲ್ಲಸ್ತೇನಿ... ನೀವು ಸ್ವಲ್ಪ ಜೋರಾಗಿ ಹೇಳ್ರಿ."