ಇಲ್ಲಿ ಅಂದ್ರ ಎಲ್ಲಿರಿ?

"ಇಲ್ಲಿ ಅಂದ್ರ ಎಲ್ಲಿರಿ?"

ಕುಷ್ಟಗಿಯ ದಾಳಿಂಬೆ ಬೆಳೆಗಾರರ ಸಂಘಕ್ಕೆ ರೈತರ ಫೋನ್ ಕರೆ ತೆಗೆದುಕೊಳ್ಳುವ ಕೆಲಸಕ್ಕೆ ಬಂದ ಹುಲಿಗೇಶ ಮೊದಲ ದಿನವೇ ಹೀಗೆ ಕೇಳಿದ. ಅವನಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿದ್ದುದನ್ನು ಕಂಪ್ಯೂಟರೇ ಓದಿ ಹೇಳುತ್ತದೆ. ಸಂಘದ ವೆಬ್‌ಸೈಟಿನ ಲಿಂಕುಗಳನ್ನು ಅದು ಒಂದೇ ಸಮನೆ ಓದುತ್ತಿತ್ತು: ಇಲ್ಲಿ ಒತ್ತಿ... ಇಲ್ಲಿ ಒತ್ತಿ... ಇಲ್ಲಿ ಒತ್ತಿ...

ಕಚೇರಿಯೆಲ್ಲ ನಕ್ಕಿತು.

ಆ ವೆಬ್‌ಸೈಟ್ ಬರೆಯುವವಳು ಹೇಮಾವತಿ. ನಸುಕಿಗೆದ್ದು, ಹಾಸಿಗೆ ಹಿಡಿದ ಅವ್ವನ ಮೈ ತೊಳೆದು, ರೊಟ್ಟಿ ಬಡಿದು, ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಆ ನಗು ಅವಳಿಗೆ ಚುಚ್ಚಿತು.

"ಯಾವುದು ಏನಂತ ಬಾಜೂಕ ಬರದೈತಲ್ರಿ. ಕಣ್ಣಿದ್ದೋರಿಗೆ ಕಾಣಸ್ತೈತಿ."

ನಗು ನಿಂತಿತು. ಹುಲಿಗೇಶ ಫೋನಿನತ್ತ ತಿರುಗಿದ.

'ನಾನು ಎಂಥ ಮಾತಾಡಿದೆ...' ಎಂದು ಹೇಮಾವತಿ ಒಳಗೇ ನೊಂದುಕೊಂಡಳು.

ಕ್ಷಮೆ ಕೇಳಬೇಕೆಂದು ದಿನಾ ಅಂದುಕೊಂಡಳು. ದಿನಾ ದಣಿದಿದ್ದಳು. ಕೇಳದೆಯೇ ಮೇಜಿಗೆ ಬರುತ್ತಿದ್ದ ಶುಂಠಿ ಚಹಾ ಕುಡಿದು, ನಾಳೆ ಎಂದು ಬಿಟ್ಟಳು. ಪಕ್ಕಪಕ್ಕದ ಮೇಜು, ನಡುವೆ ಮಾತಿಲ್ಲ. ಹೀಗೆಯೇ ಮಳೆಗಾಲ ಕಳೆಯಿತು.

ಒಂದು ಸೋಮವಾರ ರೈತ ಹೇಮಪ್ಪ ಫೋನ್ ಮಾಡಿ, ಇವತ್ತು ಮಾರುಕಟ್ಟೆ ತೆರೆದಿದೆಯೇ ಎಂದು ಕೇಳಿದ. ಹೊಸ ಪ್ರಕಟಣೆ ಯಾವಾಗಲೂ ಮೇಲಿರುತ್ತದೆಂದು ಹುಲಿಗೇಶ ಮೊದಲ ಲಿಂಕ್ ತೆರೆದ. ಸೋಮವಾರ ತೆರೆದಿರುತ್ತದೆ ಎಂದಿತ್ತು. ಅದನ್ನೇ ಹೇಳಿದ.

ಅದು ಹೋದ ವಾರದ್ದು. ರಜೆಯ ಪ್ರಕಟಣೆಯನ್ನು ಹೇಮಾವತಿ ದಣಿವಿನಲ್ಲಿ ಕೆಳಗೆ ಹಾಕಿಬಿಟ್ಟಿದ್ದಳು. ಹೇಮಪ್ಪ ಹಣ್ಣು ತುಂಬಿದ ಟೆಂಪೋ ತಂದು, ಮುಚ್ಚಿದ ಗೇಟಿನ ಮುಂದೆ ಬಿಸಿಲಲ್ಲಿ ನಿಂತ.

ಕಾರ್ಯದರ್ಶಿ ಕೂಗಾಡಿದರು. ಈಗ ನನ್ನ ಹೆಸರು ಹೇಳುತ್ತಾನೆ ಎಂದುಕೊಂಡಳು ಹೇಮಾವತಿ.

"ನಂದ ತಪ್ಪುರಿ," ಎಂದ ಹುಲಿಗೇಶ.

ತಿಂಗಳ ಕೊನೆಗೆ ಕೆಲಸ ಬಿಡು ಎಂದರು.

ಮಧ್ಯಾಹ್ನ ಚಹಾ ತಂದ ಮೆಹಬೂಬಬೀ ಹೇಮಾವತಿಯ ಮುಂದೆ ಲೋಟ ಕುಕ್ಕಿದಳು.

"ದಿನಾ ನಿನಗ ಶುಂಠಿ ಚಾ ಯಾರು ಹೇಳತಿದ್ರು ಅಂತ ತಿಳ್ಕೊಂಡಿ? ನಿನ್ನ ಚಪ್ಪಲಿ ಸಪ್ಪಳ ಕೇಳಿ, ಆಕಿ ಬಸ್ಸಿನಾಗ ನಿಂತ ಬಂದು ದಣದಾಳ, ಒಂದು ಚಾ ಕೊಡು ಅಂತಿದ್ದ ಹುಲಿಗೇಶ."

ಹೇಮಾವತಿ ಲೋಟ ಅಲ್ಲೇ ಬಿಟ್ಟು ಎದ್ದು ನೇರ ಕಾರ್ಯದರ್ಶಿಯ ಬಳಿ ಹೋದಳು. ತಪ್ಪು ನನ್ನದು, ತೆಗೆಯುವುದಾದರೆ ನನ್ನನ್ನು ತೆಗೆಯಿರಿ ಎಂದಳು. ಅವರು ಗೊಣಗಿದರು, ಮೊದಲು ಆ ವೆಬ್‌ಸೈಟ್ ಸರಿಮಾಡು, ಅವನೂ ಇರಲಿ ಎಂದರು.

ಊಟ ಬಿಟ್ಟು ಕೂತಳು. ಸಂಜೆ ಹೊತ್ತಿಗೆ ಒಂದೇ ಒಂದು 'ಇಲ್ಲಿ ಒತ್ತಿ' ಉಳಿಯಲಿಲ್ಲ.

ಹುಲಿಗೇಶ ಕೀಲಿ ಒತ್ತಿದ. ಕಂಪ್ಯೂಟರ್ ಓದಿತು: ಈ ಸೋಮವಾರ ಮಾರುಕಟ್ಟೆಗೆ ರಜೆ... ಇಂದಿನ ದಾಳಿಂಬೆ ದರ... ಹನಿ ನೀರಾವರಿ ಅರ್ಜಿ, ಪಿಡಿಎಫ್...

ಅವನ ಬೆರಳು ನಿಂತಿತು.

"ಎಲ್ಲಿಗೆ ಹೊಂಟೀನಿ ಅಂತ ಒತ್ತೂದಕ್ಕಿಂತ ಮೊದಲ ತಿಳೀತು ನೋಡ್ರಿ."

"ಅವತ್ತು ಕಣ್ಣಿನ ಮಾತು ಆಡಬಾರದಿತ್ತು. ತಪ್ಪಾತ್ರಿ."

"ಆ ಮಾತಿಗಲ್ಲ... ಆಮ್ಯಾಲೆ ನೀವು ಮಾತ ಬಿಟ್ರಲ್ಲ, ಅದು ಭಾಳ ನೋವಾತು."

ಇಡೀ ಮಳೆಗಾಲ ಅವಳ ದಣಿವನ್ನು ಗುರುತಿಸಿದವನು, ಅವಳ ಮಾತಿಗೆ ಕಾದವನು ಇವನೊಬ್ಬನೇ. ಇನ್ನೊಂದು ನಾಳೆ ಬೇಡ.

"ಐತವಾರ ನನ್ನ ಜೋಡಿ ಬರ್ರಿ."

"ಎಲ್ಲಿಗ್ರಿ?"

"ನಮ್ಮ ಮನಿಗೆ. ನಿಮ್ಮನ್ನ ಮದುವಿ ಆಗ್ತೀನಿ ಅಂತ ಅವ್ವಗ ಹೇಳಬೇಕು. ನೀವು ಹೂಂ ಅಂದ್ರ."

ಹುಲಿಗೇಶ ಕೀಲಿಮಣೆ ಬದಿಗೆ ಸರಿಸಿದ. ಅವನ ಕೈ ಮೇಜಿನ ಮೇಲೆ ಸರಿದು ಬಂದು ಅವಳ ಕೈ ಹುಡುಕಿತು.

"ಹೂಂ. ಆದ್ರ ಸೀಟು ಸಿಗೋ ಬಸ್ಸಿಗೆ ಹೋಗೂಣು. ದಿನಾ ನಿಂತ ಬರತೀರಿ ನೀವು."