ಸಿಗರೇಟು ಸೇದದವನ ಬಿಳಿ ರಕ್ತಕಣ

"ಸುಳ್ಳು! ದಿನಕ್ಕೆ ಎಷ್ಟು ಸಿಗರೇಟು ಸೇದ್ತೀರ? ನಿಜ ಹೇಳಿ!"

ಆ ಕೂಗಿಗೆ ರಕ್ತಪರೀಕ್ಷೆಯ ಲ್ಯಾಬಿನ ಗಾಜಿನ ನಳಿಕೆಗಳೆಲ್ಲ ಗಡಗಡ ನಡುಗಿದವು. ತಿರುಗುತ್ತಿದ್ದ ಫ್ಯಾನೂ ಅರೆಕ್ಷಣ ನಿಂತಿತು. ನಂಬದಿದ್ದರೆ ಫ್ಯಾನನ್ನೇ ಕೇಳಿ!

ಕೂಗಿದವಳು ಲ್ಯಾಬ್ ಟೆಕ್ನೀಶಿಯನ್. ಬೈಸಿಕೊಂಡವನು ಹಿಂದಿನ ಬೀದಿಯ ಗ್ಯಾರೇಜಿನ ಮೆಕ್ಯಾನಿಕ್. ತಲೆನೋವೆಂದು ಹೋದವನನ್ನು ಡಾಕ್ಟರ್ ಇಲ್ಲಿಗೆ ಕಳಿಸಿದ್ದರು. ಜ್ವರವಿಲ್ಲ, ಗಾಯವಿಲ್ಲ, ಸೋಂಕೂ ಇಲ್ಲ. ಆದರೂ ಪರೀಕ್ಷೆ ಮಾಡಿದಾಗೆಲ್ಲ ಬಿಳಿ ರಕ್ತಕಣ ಹೆಚ್ಚು! ಸಿಗರೇಟು ಸೇದುವವರಲ್ಲಿ ಹೀಗಾಗುವುದನ್ನು ಅವಳು ಬೇಕಾದಷ್ಟು ಕಂಡಿದ್ದಳು.

"ಸೇದಲ್ಲ ಮೇಡಂ. ನಿಮ್ಮಾಣೆ."

"ನನ್ನಾಣೆ ಯಾಕೆ? ನಾನು ನಿಮಗೇನಾಗ್ಬೇಕು?"

ಅವನ ಮುಖ ಬಾಡಿತು. "ಏನೂ ಇಲ್ಲ ಬಿಡಿ..." ಎಂದು ಎದ್ದು ಹೋದ.

ಅವಳಿಗೇಕೆ ಅಷ್ಟು ಸಿಟ್ಟು? ಅವಳ ಅಪ್ಪನೂ "ಸೇದಲ್ಲ ಕಣೇ" ಎನ್ನುತ್ತಲೇ ಶ್ವಾಸಕೋಶ ಸುಟ್ಟುಕೊಂಡು ಹೋದವರು. ಅಂದಿನಿಂದ ಅವಳ ಮನೆಯಲ್ಲಿ ಎಂಥ ಮೌನವೆಂದರೆ, ಸೂಜಿ ಬಿದ್ದರೂ ಪಕ್ಕದ ಬೀದಿಯವರು ಬೆಚ್ಚಿಬೀಳಬೇಕು! ಕಷ್ಟಸುಖ ಹೇಳಿಕೊಳ್ಳಲು ಅವಳಿಗಿದ್ದದ್ದು ಸೂಕ್ಷ್ಮದರ್ಶಕದೊಳಗಿನ ಕಣಗಳು ಮಾತ್ರ. ಅವು ಎಲ್ಲ ಕೇಳುತ್ತಿದ್ದವು... ಉತ್ತರ ಕೊಡುತ್ತಿರಲಿಲ್ಲ.

ಮುಂದಿನ ಪರೀಕ್ಷೆಗೆ ಅವನು ಬರಲಿಲ್ಲ.

"ಏನೇ, ನಿನ್ನ ಮೆಕ್ಯಾನಿಕ್ ಪತ್ತೇನೇ ಇಲ್ಲ?" ಹಿರಿಯ ನರ್ಸಕ್ಕ ಕಿಚಾಯಿಸಿದಳು.

"ನನ್ನ ಮೆಕ್ಯಾನಿಕ್ ಏನಕ್ಕ! ಸುಳ್ಳುಗಾರ ಅವನು."

"ಹೌದೌದು! ಸುಳ್ಳುಗಾರನಿಗಾಗಿ ಬಾಗಿಲು ನೋಡೀ ನೋಡೀ ಕತ್ತು ಉಳುಕಿಸ್ಕೊಂಡಿದ್ದೀಯ!"

ಸಂಜೆ ಅವಳ ಕಾಲುಗಳು ಅವಳನ್ನು ಕೇಳದೆಯೇ ಗ್ಯಾರೇಜಿಗೆ ನಡೆದವು. ಶಟರ್ ಪೂರ್ತಿ ಇಳಿದಿತ್ತು. ಆದರೆ ಒಳಗೆ ಕಾರಿನ ಇಂಜಿನ್ ಓಡುತ್ತಿತ್ತು!

ತಟ್ಟಿದಳು. ಉತ್ತರವಿಲ್ಲ.

ಹತ್ತಾನೆ ಬಲದಿಂದ ಶಟರ್ ಎತ್ತಿದಳು. ಹೊಗೆ ಮುಖಕ್ಕೆ ರಾಚಿತು. ಕಾರಿಗೆ ಒರಗಿ ಅರೆಗಣ್ಣಾಗಿ ಬಿದ್ದಿದ್ದವನನ್ನು ಉಸಿರು ಬಿಗಿಹಿಡಿದು ಬೀದಿಗೆ ಎಳೆದುತಂದಳು.

"ಶಟರ್ ಹಾಕ್ಕೊಂಡು ಇಂಜಿನ್ ಓಡಿಸ್ತಾರಾ? ತಲೆ ಸರಿ ಇದೆಯಾ ನಿಮಗೆ?"

ಗಾಳಿ ಸೋಕಿ ಅವನ ತುಟಿ ಅಲುಗಿತು. "ಸಂಜೆಯಾದ್ರೆ... ಎಲ್ಲರೂ ಜೊತೆಜೊತೆಯಾಗಿ ಮನೆಗೆ ಹೋಗ್ತಾರೆ. ನೋಡೋಕಾಗಲ್ಲ. ಶಟರ್ ಎಳೀತೀನಿ. ಇಂಜಿನ್ ಸದ್ದಿದ್ರೆ... ಒಬ್ಬನೇ ಅನ್ಸಲ್ಲ."

ಅವಳು ಬೆಪ್ಪಾದಳು. ಕಾರ್ಬನ್ ಮಾನಾಕ್ಸೈಡ್! ಸಿಗರೇಟಿನ ಹೊಗೆಯಲ್ಲಿರುವ ಅದೇ ವಿಷ. ಬಣ್ಣವಿಲ್ಲ, ವಾಸನೆಯಿಲ್ಲ, ದಿನವೂ ಇವನ ರಕ್ತಕ್ಕೆ ಇಳಿಯುತ್ತಿತ್ತು. ಕಾಣದ ಶತ್ರುವಿನ ವಿರುದ್ಧ ಆ ಬಿಳಿಕಣಗಳು ದಂಡು ಕಟ್ಟಿದ್ದವು. 'ರಕ್ತ ನಿಜ ಹೇಳಿತ್ತು. ಇವನೂ ನಿಜ ಹೇಳಿದ್ದ. ಕೇಳಿಸಿಕೊಳ್ಳದವಳು ನಾನೇ...'

ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದರು. ಗಂಡಾಂತರ ಕಳೆಯಿತೆಂದು ಡಾಕ್ಟರ್ ಹೇಳಿದ ಮೇಲೆ ಅವಳು ಅತ್ತ ಅಳುವಿಗೆ ಆ ವಾರ್ಡಿನಲ್ಲಿ ದೋಣಿಯನ್ನೇ ಬಿಡಬಹುದಿತ್ತು!

"ನನ್ನಿಂದ ತಪ್ಪಾಯ್ತು. ಇನ್ಮೇಲೆ ಸಂಜೆ ಶಟರ್ ತೆಗೆದೇ ಇರ್ಬೇಕು. ತಿಳೀತಾ?"

ಅವನು ಮಾಸ್ಕ್ ಸರಿಸಿದ. "ಹೋಗೋರೆಲ್ಲ ಕಣ್ಣಿಗೆ ಬೀಳ್ತಾರೆ..."

"ಬೀಳ್ಲಿ. ನಾನು ಬರೋದೂ ಕಾಣ್ಬೇಕಲ್ಲ?"

ಅವನ ಕಣ್ಣು ತುಂಬಿತು. "ದಿನಾ ಬರ್ತೀರಾ?"

"ದಿನಾ," ಎಂದು ಅವಳು ಮಾಸ್ಕನ್ನು ಮೆಲ್ಲಗೆ ಸರಿಪಡಿಸಿದಳು. "ಈಗ ಮಾತು ಸಾಕು... ಉಸಿರಾಡಿ."